ಕೂಲರಿನ ಕಾಲಡಿ ಆನಿ

ದೀಪಾವಳಿ ಹೋಗಿ ಹತ್ತು ಹನ್ನೊಂದು ದಿನ.
ನಸುಕಿಗಿ ಒಂದು ಚಾದರ ಬೇಕನಸ್ತದ ಈಗ,
ಮಧ್ಯಾಹ್ನ ಮಾತ್ರ ಕಲಬುರಗಿ ಬಿಸಿಲಿಗಿ ಇನ್ನಾ ಹಳೇ ಸೊಕ್ಕು.
ಕೂಲರ್ ಇಳಸಬೇಕೋ ಬ್ಯಾಡೋ ಅಂತ
ನಮ್ಮ ಓಣ್ಯಾಗ ಮನಿಗೊಂದು ಪಂಚಾಯ್ತಿ.
ಹೋದ ವರ್ಷ ನಾನು ಆಲಸ್ಯ ಮಾಡಿ ಬಿಟ್ಟಿದ್ದೆ,
ಚಳಿಗಾಲ ಇಡೀ ಕಿಡಕಿ ಮುಚ್ಚೇ ಇತ್ತು.
ಈ ಸಲ ತೀರ್ಪು ಕೊಟ್ಟಾಕಿ ಅವ್ವ:
"ಗೌರಿ ಹುಣ್ಣಿವಿ ನಾಲ್ಕು ದಿನ ಉಳದದ.
ಕಿಡಕ್ಯಾಗ ಆ ತಗಡಿನ ಎಮ್ಮಿ ಕುಂತಿದ್ರ
ಬೆಳದಿಂಗಳು ಒಳಗ ಹ್ಯಾಂಗ ಬರಬೇಕು?"

ಐತವಾರ. ಹೊಲಿಗಿ ಅಂಗಡಿ ತೆಗೀಲಿಲ್ಲ ನಾನು.
ಜಗದೇವಿ ಒಲಿ ಮ್ಯಾಲ ಸಕ್ಕರಿ ಇಟ್ಟಾಳ,
ಹಾಲು ಹನಿಸಿ ಹೊಲಸು ತೆಗೀಲತ್ತಾಳ.
ಆರತಿಯ ಅಚ್ಚು ರಾತ್ರಿಯಿಂದ ಬಕೀಟಿನಾಗ ನೆನದಾವ,
ಗಿಳಿ, ನವಿಲು, ಒಂಟಿ, ತುಳಸಿಕಟ್ಟಿ,
ಎಲ್ಲಾ ಜೋಡಿ ಜೋಡಿ, ಗಂಡ ಹೆಂಡ್ತಿ ಹಾಂಗ.
"ಆನಿ ಮಾತ್ರ ಒಂಟಿ," ಅಂತಾಳ ಅವ್ವ.
"ಆನಿ ಹ್ಯಾಂಗ ಒಂಟಿ ಆಗ್ತದ ಆಯಿ?" ಸೃಷ್ಟಿ ಕೇಳ್ತಾಳ,
"ಒಂಟಿ ಬ್ಯಾರೇನೇ ಅದಲ್ಲ, ಇಲ್ಲಿ, ಡುಬ್ಬದ್ದು?"
ಅವ್ವ ನಕ್ಕಾಗ ಬಾಯಾಗಿನ ಅಡಿಕಿ ಫರಸಿ ಮ್ಯಾಲ ಬಿತ್ತು.
ನಗಿ ಮುಗದ ಮ್ಯಾಲ ಮತ್ತ ಅದೇ ಹಳೇ ಮಾತು:
ಆನಿಯ ಎಡ ಮಗ್ಗುಲು ಆಳಂದದ ಚಿಗವ್ವ ಒಯ್ದಾಳ,
ಕೇಳಿದ್ರ ಒಯ್ದಿಲ್ಲ ಅಂತಾಳ.
ಆವಾಗಿನಿಂದ ಇಬ್ಬರ ನಡುವ ಫೋನಿಲ್ಲ.

ಮಶಾಕಭಾಯ್ ಬಂದ್ರು, ಬನೀನಿನ ಮ್ಯಾಲೇ.
ಅವರೊಂದು ಕಡಿ, ನಾನೊಂದು ಕಡಿ,
ನಡುವ ಸಮರ್ಥ, ಹಿಡೀಲಕ್ಕಲ್ಲ, ಹುಕುಂ ಕೊಡ್ಲಕ್ಕ.
ತಳದಾಗ ಉಳದ ನೀರು ಭಡಕ್ಕನ ನನ್ನ ಲುಂಗಿಗಿ.
ಹುಲ್ಲಿನ ಪಡದಿ ಬಿಚ್ಚಿದ್ರ ಎರಡು ಬ್ಯಾಸಗಿ ಧೂಳು,
ಗುಬ್ಬಿ ಪುಚ್ಚ, ಯಾರದೋ ಗಾಳಿಪಟದ ಬಾಲ.
ಹುಡುಗರು ಆ ಹುಲ್ಲು ತಗೊಂಡು ಗಡ್ಡ ಮಾಡ್ಕೊಂಡ್ರು,
ಅಂಗಳದಾಗ ಇಬ್ಬರು ಮುದುಕರು
ಕೆಮ್ಮಕೋತ, ಒಬ್ಬರಿಗೊಬ್ಬರು ಸಾಲ ಕೇಳಕೋತ ತಿರಗಾಡಿದ್ರು.

ಸ್ಟ್ಯಾಂಡಿನ ಹಿಂದಿನ ಕಾಲಡಿ, ಸಪಾಟ ಇರ್ಲಿ ಅಂತ
ನಾನೇ ಯಾವಾಗೋ ತುರುಕಿದ ಕಟ್ಟಿಗಿ ತುಂಡು.
ಸಮರ್ಥ ಎತ್ತಿ ತಿರುವಿದ.
ಸೊಂಡಿಲು.
ಒಂದು ಕಣ್ಣು.
ಯಾರೂ ಮಾತಾಡ್ಲಿಲ್ಲ.
ಮಶಾಕಭಾಯ್ ಮೆಲ್ಲಕ ತಮ್ಮ ಮನಿ ಕಡಿ ಹೊಂಟ್ರು.

ನೀರು ಕುಡದು ಕುಡದು ಕಟ್ಟಿಗಿ ಉಬ್ಬಿ ಬಾಗ್ಯದ,
ಬಲ ಮಗ್ಗುಲಿಗಿ ಕೂಡಸಿದ್ರ ಕೂಡವಲ್ದು.
ಸುತ್ತ ಸುತಳಿ ಬಿಗದು, ಸಂದಿಗಿ ಕಣಕ ಮೆತ್ತಿ
ಜಗದೇವಿ ಪಾಕ ಹೊಯ್ದಳು, ಉಸರು ಬಿಗಿ ಹಿಡದು.
ಹುಡುಗರು ನೂರರ ತನಕ ಎಣಸಿದ್ರು,
ಎಪ್ಪತ್ತರಿಂದ ತೊಂಬತ್ತಕ್ಕ ಜಿಗದ್ರು.
ಬಿಚ್ಚಿದಾಗ ಕಂಡದ್ದು:
ಬಲಕ್ಕ ಅರಮನಿ ಆನಿ, ಎಡಕ್ಕ ಬಸುರಿ ಆನಿ,
ಬೆನ್ನಗುಂಟ ಸೋರಿದ ಸಕ್ಕರಿ,
ಹುಡುಗೇರ ಲಂಗಕ್ಕ ನಾ ಹಚ್ಚೋ ಝಾಲರಿನಂಥದು.
"ಇದು ನಂದು," ಅಂದಳು ಸೃಷ್ಟಿ.
"ಹುಡಕಿದಾಂವ ನಾನು," ಅಂದ ಸಮರ್ಥ.
ಅವ್ವ ಆನಿ ನೋಡ್ಲಿಲ್ಲ. ಫೋನ್ ಕೊಡು ಅಂದಳು.

"ನಾನು."
ಆ ಕಡಿ ಸುಮ್ಮ.
"ಆನಿ ಸಿಕ್ಕದ."
ಎಲ್ಲಿ ಅಂತ ಕೇಳಿರಬೇಕು, ಅವ್ವ ನನ್ನ ದುರುಗುಟ್ಟಿ ನೋಡಿದಳು:
"ಕೂಲರಿನ ಕಾಲಡಿ. ಈ ಶಾಣ್ಯಾ ಇಟ್ಟಿದ್ದ."
ಚಿಗವ್ವನ ನಗಿ ಅಡಗಿಮನಿ ತನಕ ಕೇಳಿಸ್ತು,
ನಿಲ್ಲವಲ್ದು, ಕೊನಿಗಿ ಅದು ನಗಿನೇ ಹೌದೋ ಅಲ್ಲೋ ತಿಳೀಲಿಲ್ಲ.
"ಸಾಕು ಸಾಕು. ಹುಣ್ಣಿವಿಗಿ ಬಾ," ಅಂದಳು ಅವ್ವ.
"ಬರೋವಾಗ ನಿಂಬಿಹಣ್ಣ ತಗೊಂಬಾ, ಇಲ್ಲಿ ತುಟ್ಟಿ ಅವ."

ರಾತ್ರಿ ಖಾಲಿ ಕಿಡಕ್ಯಾಗ ಚಂದ್ರ ಬಂದ,
ಅವನೂ ಒಂದು ಮಗ್ಗುಲು ಉಬ್ಬಿದಾಂವನೇ.
ಇರಬಿ ಬರಬಾರದಂತ ನೀರಿನ ಪರಾತದ ನಡುವ
ತಾಟಿನಾಗ ಸಾಲಾಗಿ ನಿಂತಾವ ಗಿಳಿ, ನವಿಲು, ಒಂಟಿ.
ಕಡೀಕ ಆನಿ.
ಸೊಂಡಿಲ ತುದಿ ಯಾರೋ ನೆಕ್ಕ್ಯಾರ.
ಹುಡುಗರು ಆಗಲೇ ಮಲಗ್ಯಾರ. ಅವ್ವಗ ಸಕ್ಕರಿ ಕಾಯಿಲಿ.
ನಾ ಅಂತೂ ಅಲ್ಲ.