ಸಾಲು ಹದಿನೇಳು, ಗಿಡ ನಾಲ್ಕು

ಜೂನ್ ಹದಿನಾಲ್ಕು, ಬೆಳಿಗ್ಗೆ ಐದೂವರೆ.
ಸರೋವರದ ಮೇಲಿನ ಮಂಜು ಇನ್ನೂ ಎದ್ದಿಲ್ಲ,
ನನ್ನ ಲಂಗ ಮೊಣಕಾಲತನಕ ಒದ್ದೆ.
ಪ್ರೊಫೆಸರ್ ವಿಟ್‌ಬೆಕ್ ಬಗ್ಗಿ, ಪಿಯೊನಿಯೊಳಗೆ ಮೂಗಿಟ್ಟು
ಕೂಗಿ ಹೇಳುತ್ತಾರೆ, ನಾನು ಬರೆದುಕೊಳ್ಳುತ್ತೇನೆ:
"ಕಾವಲೆಸಳು, ಮಾಸಲು ಗುಲಾಬಿ. ಕೊರಳಪಟ್ಟಿ, ಹಾಲುಬಿಳಿ.
ನಡುವೆ ಎರಡೋ ಮೂರೋ ಎಸಳಿನಂಚಿಗೆ ಕೆಂಪು, ಮಿಸ್ ಹ್ಯಾಸ್ಕೆಲ್,
ಯಾರೋ ಸೂಜಿ ಚುಚ್ಚಿಕೊಂಡ ಬೆರಳನ್ನು
ಒರೆಸಿದ ಹಾಗೆ."
ಆಮೇಲೆ ಕೆಮ್ಮಿ:
"ಬೆರಳು ಬೇಡ. ಕೆಂಪು ಚುಕ್ಕೆ ಅಂತಷ್ಟೇ ಹಾಕಿ."

ಮೂರು ಎಕರೆ. ಎರಡು ಸಾವಿರ ಚಿಲ್ಲರೆ ಗಡ್ಡೆ.
ಗೋಣಿಯಲ್ಲಿ, ಪಾಚಿಯಲ್ಲಿ, ಹಳೇ ಪೇಪರಿನಲ್ಲಿ ಸುತ್ತಿ
ಮೂಲೆಮೂಲೆಯ ನರ್ಸರಿಗಳು ಕಳಿಸಿದವು,
ಒಂದೊಂದರ ಕೊರಳಿಗೂ ಸತುವಿನ ಬಿಲ್ಲೆ.
ಒಂದೇ ಹೂ ಊರಿಗೊಂದು ಹೆಸರು ಹೇಳಿಕೊಂಡು
ತಿರುಗಿದೆ, ಸಾಲ ಮಾಡಿ ಓಡಿಹೋದವನಂತೆ.
ಹಿಡಿಯುವುದು ನಮ್ಮ ಕೆಲಸ.

ಹಳೆಯ ಕ್ಯಾಟಲಾಗುಗಳು ಸಾಕ್ಷಿಗೆ ಬರುವುದಿಲ್ಲ.
ಫ್ರಾನ್ಸಿನ ಆ ಮುದುಕ ಬೊವಾಸೆ, ಐವತ್ತು ವರ್ಷದ ಹಿಂದೆ,
ಒಂದೇ ಪುಟದಲ್ಲಿ ಒಂಬತ್ತು ಸಲ ಬರೆದಿದ್ದಾನೆ: ಅಪೂರ್ವ.
ಬಣ್ಣ? ಸೊಗಸಾದದ್ದು. ಎತ್ತರ? ಸಾಕಷ್ಟು.
ಬೆಲೆ ಮಾತ್ರ ಕಾಸಿಗೆ ಕಾಸು ಸ್ಪಷ್ಟ.
ಹೆಸರುಗಳೋ, ಸೇನಾಪತಿಗಳು, ಬಿಷಪ್ಪರು,
ಬ್ಯಾಂಕಿನವನ ಹೆಂಡತಿ, ಬ್ಯಾಂಕಿನವನ ಎರಡನೇ ಹೆಂಡತಿ,
ಗೆದ್ದೆವೆಂದುಕೊಂಡ ಒಂದು ಯುದ್ಧ.
ಕೊನೆಯ ಪುಟದಲ್ಲಿ ತನ್ನವಳು: ಮದಾಮ್ ಕ್ಲೋತಿಲ್ದ್ ಬೊವಾಸೆ.
ಅವಳ ಮುಂದೆ ಅಪೂರ್ವವೂ ಇಲ್ಲ, ಸೊಗಸೂ ಇಲ್ಲ.
"ತಡವಾಗಿ ಅರಳುತ್ತದೆ."

ಇವತ್ತು ಸಿಕ್ಕಿಬಿದ್ದದ್ದು ಅವಳೇ.
ಪೆನ್ಸಿಲ್ವೇನಿಯಾದಲ್ಲಿ ಹಿಮರಾಣಿ, ಐಯೊವಾದಲ್ಲಿ ಗವರ್ನರಮ್ಮ,
ಹಾಲೆಂಡಿನವನೊಬ್ಬ "ಬಿಳಿ, ನಲವತ್ತೊಂದು" ಎಂದು ಕೈತೊಳೆದುಕೊಂಡಿದ್ದ.
ಹತ್ತು ಹೆಸರು. ಕೆಂಪು ಮಸಿಯಲ್ಲಿ ಹತ್ತು ಗೀಟು.
ಮೊದಲು ಅಚ್ಚಾದದ್ದು ಉಳಿಯುತ್ತದೆ, ನಿಯಮ.
ಬಾಯಲ್ಲಿ ಇದ್ದದ್ದಕ್ಕೆ ಲೆಕ್ಕವಿಲ್ಲ.

ಹನ್ನೊಂದನೆಯದು ನರ್ಸರಿಯದಲ್ಲ.
ಒಹಾಯೊದ ಓರ್ಫಾ ಸ್ಟಿಲ್‌ಮನ್ ಎಂಬಾಕೆ
ಹಿಟ್ಟಿನ ಚೀಲದಲ್ಲಿ ಕಳಿಸಿದ್ದು, ಜೊತೆಗೊಂದು ಕಾಗದ:

"ಸ್ವಾಮೀ, ಹೆಸರು ಕೇಳಿದ್ದೀರಿ. ಇದು ನಮ್ಮ ಪಂಪಿನ ಪಕ್ಕದ್ದು.
ನಮ್ಮತ್ತೆಯ ತಾಯಿ ಗಾಡಿಯಲ್ಲಿ ಬರುವಾಗ
ಬಕೆಟ್ಟಿನಲ್ಲಿ, ಕಾಲ ಹತ್ತಿರ ಇಟ್ಟುಕೊಂಡು ತಂದದ್ದಂತೆ.
ಎರಡಂಗುಲಕ್ಕಿಂತ ಆಳ ಹೂಳಬೇಡಿ, ಸಿಟ್ಟಾಗುತ್ತದೆ.
ಮೊಗ್ಗಿನ ಇರುವೆ ಓಡಿಸಬೇಡಿ, ಅವು ಅದರ ನೆಂಟರು.
ನಾವು ಇದಕ್ಕೆ 'ಆಮೇಲಿನವಳು' ಅನ್ನುತ್ತೇವೆ.
ಮೇ ಕೊನೆಗೆ ಊರೆಲ್ಲ ಸಮಾಧಿಗೆ ಹೂ ಇಡುತ್ತದೆ,
ಇವಳು ಅದು ಮುಗಿದ ಮೇಲೇ ಬಾಯಿಬಿಡುವುದು, ಎಲ್ಲಾ ವರ್ಷ.
ನಮ್ಮ ಎಮೆಟ್‌ಗೆ ಒಂದು ಸಲವೂ ದಕ್ಕಿಲ್ಲ.
ಅದಕ್ಕೇ ಅವನ ಹತ್ತಿರ ನಾನು ಎರಡು ಸಲ ಹೋಗುತ್ತೇನೆ.
ಗಡ್ಡೆ ವಾಪಸು ಬೇಡ. ಸರಿಯಾದ ಹೆಸರು ಇದ್ದರೆ ತಿಳಿಸಿ."

ಪ್ರೊಫೆಸರರು ಓದಿದರು, ಕನ್ನಡಕ ತೆಗೆದು ಒರೆಸಿದರು,
ಎಸಳು ಎಣಿಸಿದರು, ಇನ್ನೊಮ್ಮೆ ಎಣಿಸಿದರು.
"ಅದೇ. ಗೀಟು ಹಾಕಿ."

ಹಾಕಿದೆ.
ಎಸಳು, ಎತ್ತರ, ದಂಟು, ವಾಸನೆ ಎಲ್ಲಕ್ಕೂ ಕಾಲಮ್ಮುಗಳಿವೆ.
ಎರಡು ಸಲ ಹೋಗುವುದನ್ನು ಬರೆಯಲು ಜಾಗವಿಲ್ಲ.
ಗೀಟು ಸ್ವಲ್ಪ ಮೇಲಕ್ಕೆ ಹೋಯಿತು, ಅಕ್ಷರಕ್ಕೆ ತಾಗಲಿಲ್ಲ.
ಕೈ ತಪ್ಪಿದ್ದು ಅಂತ ಹೇಳಬಹುದು.

ಆಕೆಗೆ ಕಾರ್ಡು ಬರೆದೆ: "ನಿಮ್ಮ ಹೂವಿನ ನಿಜವಾದ ಹೆಸರು
ಮದಾಮ್ ಕ್ಲೋ-ತಿಲ್ದ್ ಬೊ-ವಾ-ಸೆ."
ಬಿಡಿಸಿ ಬರೆದೆ, ನಾಲಗೆಗೆ ಸುಲಭವಾಗಲೆಂದು.

ಅಕ್ಟೋಬರಿನಲ್ಲಿ, ಗಿಡಗಳೆಲ್ಲ ಕಂದಾಗಿ ಒರಗಿದ ಮೇಲೆ,
ಉತ್ತರ ಬಂತು:
"ಹೆಸರು ತಲುಪಿತು. ಪಾದ್ರಿಯ ಹತ್ತಿರ ಓದಿಸಿದೆ.
ಬಹಳ ಚೆನ್ನಾಗಿದೆ, ದಂಡವಾಗಬಾರದು ನೋಡಿ.
ಮೊನ್ನೆ ಹುಟ್ಟಿದ ಹೆಣ್ಣುಗರುವಿಗೆ ಇಟ್ಟಿದ್ದೇವೆ."