ಎಡಗಡೆಯಿಂದ

ಕಾಲೇಜಿನ ಮೊಹರಿನ ಕಾಗದ ಹಿಡಿದು ಬಂದಳು
ಕುರುಗೋಡಿನ ಹುಲಿಗೆಮ್ಮ, ಹದಿನೈದು ದಿನದ ತರಬೇತಿಗೆ.
ಕೌಲ್ ಬಜಾರಿನ ನನ್ನ ಲಾಯದಲ್ಲಿ
ಮೂರು ಮದುವೆ ಕುದುರೆ, ಒಂದು ನಲ್ಲಿ,
ಕೂರಲಿಕ್ಕೊಂದು ಎಣ್ಣೆ ಡಬ್ಬ.

‘ಏನು ಮಾಡ್ಲಿ ಚಾಚಾ?’
‘ಏನೂ ಮಾಡಬ್ಯಾಡ, ನಿಂದ್ರು.
ಮೊದ್ಲು ಅವು ನಿನ್ನ ಓದ್ಕೊಳ್ಲಿ.’

ನಿಂತಳು. ರಜೆಯಲ್ಲಿ ಜೀನ್ಸ್ ಹೊಲಿದು
ನೀಲಿಗಟ್ಟಿದ ಬೆರಳುಗಳನ್ನು
ಮಲಿಕಾ ಒಂದೊಂದೇ ಮೂಸಿ
ಸೀನಿತು.

ಆಮೇಲೆ ಲದ್ದಿ, ಗೊರಸಿನ ಸಂದಿಯ ಕಲ್ಲು, ನೆನೆಸಿದ ಹುರುಳಿ,
ಪಟಾಕಿಗೆ ಬೆಚ್ಚದಂತೆ ಕಿವಿಗೆ ಹತ್ತಿ.
ಎಲ್ಲ ಬರೆದುಕೊಂಡಳು.
ದವಡೆಯಡಿ ಬೆರಳಿಟ್ಟು ನಾಡಿ ಎಣಿಸಿದಳು, ಮೂವತ್ತಾರು.
ನಲವತ್ತು ವರ್ಷ ಲಗಾಮು ಹಿಡಿದಿದ್ದೇನೆ,
ಅಲ್ಲೊಂದು ನಾಡಿ ಇದೆಯೆಂದೇ ಗೊತ್ತಿರಲಿಲ್ಲ.

ಒಂಬತ್ತನೇ ದಿನ ನೋಡಿದೆ:
ಮಲಿಕಾನ ಎಡಗಡೆ ಹೋಗುವಾಗ ಮಾತ್ರ
ಮೊದಲು ಮಾತಾಡುತ್ತಾಳೆ,
ಕತ್ತಿನ ಮೇಲೆ ಕೈ,
ಆಮೇಲೆ ಹೆಜ್ಜೆ.

ಆ ಕಣ್ಣು ಕಾಣದೆಂದು
ಮದುವೆ ಮನೆಯವರಿಗೆ ನಾನು ಹೇಳಿಲ್ಲ.
ಇವಳಿಗೂ ಹೇಳಿರಲಿಲ್ಲ.

ಸಂಜೆ ಹಾಜರಿಗೆ ಸಹಿ ಹಾಕಲು ಪುಸ್ತಕ ತೆರೆದೆ.
ನನಗೆ ಕನ್ನಡ ಓದುವುದು ನಿಧಾನ, ಬೆರಳಿಟ್ಟೇ ಓದಬೇಕು.
ಹಲ್ಲು, ಗೊರಸು, ಬಲಗಣ್ಣು, ಎಲ್ಲ ತುಂಬಿದ್ದಾಳೆ.
ಎಡಗಣ್ಣಿನ ಮುಂದೆ
ಜಾಗ ಖಾಲಿ ಬಿಟ್ಟು
ಪೆನ್ಸಿಲ್ ಅಲ್ಲೇ ಇಟ್ಟು ಹೋಗಿದ್ದಾಳೆ.