ಹೆಸರಿನ ಕಾಲಂ

ಫಾರಂನ ಮೊದಲ ಕಾಲಂ: ಕುದುರೆಯ ಹೆಸರು.
ಎರಡನೆಯದು ವಯಸ್ಸು. ಮೂರನೆಯದು ಕೆಮ್ಮು:
ಒಣ, ಹಸಿ, ಇಲ್ಲ.
ಯಾವುದೋ ದೂರದೇಶದಲ್ಲಿ ಅಚ್ಚಾದ ಫಾರಂ.
ಅಲ್ಲಿ ಕುದುರೆಗಳಿಗೆ ಹೆಸರಿರುತ್ತದಂತೆ,
ಹುಟ್ಟಿದ ತಾರೀಖೂ.

ಶರವ್‌ದೋರ್ಜ್ ನಕ್ಕ,
ಹಲ್ಲು ಬಿದ್ದ ಸಂದಿನಿಂದ ಹಬೆ ಬಂತು.
"ನೂರಾ ಹದಿನಾಲ್ಕು ಕುದುರೆ.
ಹಾಜರಿ ಕೂಗಲು ನಾನೇನು ಶಾಲೆ ಮಾಸ್ತರನೇ?
ಬಣ್ಣ ಹೇಳುತ್ತೇನೆ, ಬರಕೋ."

ಮಸಿ ಹಿಡಿದ ಕಡಾಯಿಯ ತಳ.
ತೋಳಬೂದಿ.
ಹಳೇ ಬೆಣ್ಣೆ, ಬೆನ್ನುದ್ದ ಕಪ್ಪು ಗೀಟು.
ಅದರ ತಾಯಿಯ ಬಣ್ಣವೇ, ಆದರೆ ಸಂಜೆ ಹೊತ್ತಿನದು.
ಮೊಸರಿಗೆ ಮಣ್ಣು ಬಿದ್ದ ಹಾಗಿದೆಯಲ್ಲ, ಅಗೋ, ಅದು.
ಪೆನ್ನಿನ ಶಾಯಿ ಹೆಪ್ಪುಗಟ್ಟಿ
ಸೀಸದಕಡ್ಡಿ ಹಿಡಿದೆ.
ಕಾಲಂ ಸಾಲದೆ ಅಂಚಿಗೆ ಬರೆದೆ,
ಅಂಚು ಮುಗಿದು ಹಾಳೆಯ ಬೆನ್ನಿಗೆ.

ಹೊಸವರ್ಷದ ಓಟಕ್ಕೆ ನಾಲ್ಕು ಕಣಿವೆಯ ಕುದುರೆ ಕೂಡಿದ್ದವು.
ಮೂರನೇ ದಿನ ಬಾವಿಯ ಬಳಿ ಒಂದು ಕೆಮ್ಮಿತು.
ವಾರದಲ್ಲಿ ಇಡೀ ಅರ್ಖಂಗಾಯ್ ಕೆಮ್ಮುತ್ತಿತ್ತು,
ರಾತ್ರಿ ಉಣ್ಣೆಗುಡಾರದೊಳಗೆ ಮಲಗಿದರೆ
ಕತ್ತಲೇ ಗಂಟಲು ಸರಿಮಾಡಿಕೊಂಡಂತೆ.

ಡ್ರೈವರ್ ಲ್ಹಾಗ್ವಾ ಉದ್ದ ಕೋಲಿನ ಕುಣಿಕೆ ಎಸೆದು ಹಿಡಿಯುವನು.
ಒಂದು ಮೊಳದ ಹತ್ತಿಕಡ್ಡಿ,
ಹೊಳ್ಳೆಯ ತಳಕ್ಕೆ ತಾಗಿಸಿ, ಮೆಲ್ಲಗೆ, ಇನ್ನೂ ಒಳಕ್ಕೆ,
ಹತ್ತು ಎಣಿಸಿ, ತಿರುಗಿಸಿ, ಹೊರಕ್ಕೆ.
ಗುಲಾಬಿ ನೀರಿನ ಕೊಳವೆಗೆ ಅದ್ದಿ ತುದಿ ಮುರಿದು
ನೈಟ್ರೋಜನ್ ಕ್ಯಾನಿಗೆ.
ಒಂದು ನನ್ನ ಕನ್ನಡಕ ತುಳಿಯಿತು.
ಒಂದು ಲ್ಹಾಗ್ವಾನ ಟೊಪ್ಪಿ ತಿಂದಿತು, ಪೂರ್ತಿ ಅಲ್ಲ.

ಮೊಸರು-ಮಣ್ಣಿನದು ಮಾತ್ರ ಓಡಲಿಲ್ಲ.
ತಲೆ ತಗ್ಗಿಸಿ ನಿಂತು ಕೆಮ್ಮಿತು,
ಏನೋ ಹೇಳಹೊರಟ ಮುದುಕ
ಕೆಮ್ಮಿ, ಮರೆತು, ಸುಮ್ಮನಾದಂತೆ.
ಕಡ್ಡಿ ತೆಗೆದಾಗ ನನ್ನ ಮುಖಕ್ಕೇ ಉಸಿರುಬಿಟ್ಟಿತು:
ಒಣಹುಲ್ಲು, ಮಂಜು, ಒಂದಿಷ್ಟು ಹಳಸಿದ ಹಾಲು.
"ಅದರ ಉಸಿರು ಎಲ್ಲಿಗೆ ಒಯ್ಯುತ್ತೀ?"
"ಊರಿಗೆ. ಪೆಟ್ಟಿಗೆಯಲ್ಲಿ ಇಡುತ್ತೇವೆ, ಸೊನ್ನೆಗಿಂತ ಎಂಬತ್ತು ಕೆಳಗೆ."
"ಇಲ್ಲಿಯೂ ಏನು ಕಡಿಮೆ," ಅಂದ.

ಲ್ಯಾಬಿನಲ್ಲಿ ಅದು ಎಪ್ಪತ್ತೊಂದು.
ವೈರಸ್ಸು ಹಳೆಯದೇ, ಎರಡಕ್ಷರ ತಿದ್ದಿಕೊಂಡಿತ್ತು.
ನನ್ನ ಪ್ರಬಂಧದ ಮೂರನೇ ಚಿತ್ರದಲ್ಲಿ
ಅದರ ವಂಶವೃಕ್ಷವಿದೆ.
ಅಜ್ಜ, ಮುತ್ತಜ್ಜ, ಯಾವ ಹಡಗಿಳಿದು ಬಂದ ದಾಯಾದಿ,
ಎಲ್ಲ ಗೊತ್ತು. ರೋಗಕ್ಕೆ ಹೆಸರಿದೆ, ಕುಲವಿದೆ.
ಕೊನೆಯ ಕೊಂಬೆಯ ತುದಿಗೊಂದು ಚುಕ್ಕೆ.
ಚುಕ್ಕೆಗೆ ಬಣ್ಣ ಬೇಡ, ಕಪ್ಪು ಸಾಕು ಎಂದರು ಸಂಪಾದಕರು.

ಮರುವರ್ಷ ಹುಲ್ಲಿನ ಮೇಲೆ ಮಂಜು ಗಾಜಾಯಿತು.
ಗೊರಸಿನಿಂದ ಕೆರೆದು ಕೆರೆದು
ನಿಂತಲ್ಲೇ ಸತ್ತವು.
ಲ್ಹಾಗ್ವಾ ಫೋನಿನಲ್ಲಿ ಹೇಳಿದ: ಮೂವತ್ತೊಂದು ಉಳಿದಿವೆ.
ಯಾವ ಬಣ್ಣದವು ಎಂದು ನಾನು ಕೇಳಲಿಲ್ಲ.

ಅದಾಗಿ ಎರಡು ವರ್ಷಕ್ಕೆ
ಮಂಡಿನೋವಿಗೆಂದು ಊರಿಗೆ ಬಂದವನು
ಲ್ಯಾಬಿನ ಮೊಗಸಾಲೆಯಲ್ಲಿ ನಿಂತಿದ್ದ,
ಬೂಟಿಗೆ ನೀಲಿ ಪ್ಲಾಸ್ಟಿಕ್ ಚೀಲ ತೊಡಿಸಿಕೊಂಡು,
ತಪ್ಪು ಮಾಡಿದ ಹುಡುಗನ ಹಾಗೆ.
"ಮೊಸರುಬಣ್ಣದ್ದರ ಉಸಿರು ಇನ್ನೂ ಇದೆಯೇ?"

ಅದು ಉಸಿರಲ್ಲ ಅಜ್ಜಾ,
ಮೂಗಿನ ಲೋಳೆ, ಉಪ್ಪುನೀರು, ಒಂದಿಷ್ಟು ಔಷಧಿ...
ಹೇಳಲು ಬಾಯಿತೆರೆದವಳು
ಕೈಗವಸು ಹಾಕಿಕೊಂಡೆ.

ಎರಡು ನಿಮಿಷ. ಅದಕ್ಕಿಂತ ಹೆಚ್ಚಾದರೆ ಕರಗುತ್ತದೆ.
ಹೆಬ್ಬೆರಳುದ್ದದ ಕೊಳವೆ, ಮೈತುಂಬ ಬಿಳಿ ಹೂತು.
ಟೊಪ್ಪಿ ತೆಗೆದು ಕಂಕುಳಿಗಿಟ್ಟ.
ಬಾಗಿ,
ಮೊಮ್ಮಗುವಿನ ನೆತ್ತಿ ಮೂಸುವ ಹಾಗೆ
ಮುಚ್ಚಳ ಬಿಗಿದ ಆ ಕೊಳವೆಯನ್ನು
ಮೂಸಿದ.
ಮೊದಲು ಬಲಗಡೆ. ಆಮೇಲೆ ಎಡಗಡೆ.

ಏನೂ ಬಂದಿರಲಾರದು. ನನಗೆ ಗೊತ್ತು,
ಆ ಮುಚ್ಚಳದ ರಬ್ಬರು ನಾನೇ ಆರಿಸಿದ್ದು.
"ಹ್ಞಾ," ಅಂದ.

ರಿಜಿಸ್ಟರಿನಲ್ಲಿ ಹೊಸ ಕಾಲಂ ಬಂದಿದೆ ಈಗ:
ಹೊರತೆಗೆದ ಕಾರಣ.
ತಾರೀಖು ಬರೆದೆ, ಸಹಿ ಹಾಕಿದೆ,
ಕಾರಣದ ಜಾಗ ಬಿಟ್ಟೆ.
ಕೆಳಗೆ ಅವನು ಕಂಬಿ ಹಿಡಿದು
ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದ.
ನಡುವೆ ನಿಂತು ಕೆಮ್ಮಿದ.
ಅಭ್ಯಾಸಬಲ, ಕಿವಿಗೊಟ್ಟೆ:
ಒಣ.